ಎರಡು ಸಲ ಮನಸ್ಸು ಬದಲಿಸಿದ ಪಾದ್ರಿ

ನಮ್ಮದು ಮಂಗಳೂರು ಕಡೆಯ ಸಿ.ಎಸ್.ಐ. (ದಕ್ಷಿಣ ಭಾರತದ ಪ್ರೊಟೆಸ್ಟಂಟ್) ಸಭೆಯ ಕುಟುಂಬ. ಅಕ್ಕಪಕ್ಕದ ಮನೆಗಳಲ್ಲಿ ಹೆಚ್ಚಿನವರು ಕೊಂಕಣಿ ಮಾತಾಡುವ ಕ್ಯಾಥೊಲಿಕರು. ಕ್ರಿಸ್ಮಸ್ ಹತ್ತಿರ ಬಂದರೆ ಕುಸ್ವಾರಿನ ತಟ್ಟೆಗಳು ಬೇಲಿ ದಾಟಿ ಆಚೀಚೆ ಓಡಾಡುತ್ತವೆ, ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಬರುವವರು ಅವರೇ. ಆದರೆ ಯಾರಾದರೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದರು ಎಂದ ಕೂಡಲೇ ಎರಡೂ ಮನೆಗಳಲ್ಲಿ ಧ್ವನಿ ತಗ್ಗುತ್ತದೆ. ನನ್ನ ಸೋದರಮಾವ ಮದುವೆಯಾದ ಮೇಲೆ ಅತ್ತೆಯ ಇಗರ್ಜಿಗೆ ಸೇರಿದರು. ಮದುವೆಗೋಸ್ಕರ ಅಲ್ಲ, ಮದುವೆಯಾಗಿ ಎಷ್ಟೋ ಕಾಲದ ನಂತರ, ಓದಿ, ವಿಚಾರಿಸಿ ಸೇರಿದ್ದು. ಕೆಲವು ವರ್ಷ ಬಿಟ್ಟು ಮತ್ತೆ ನಮ್ಮ ಸಭೆಗೇ ಬಂದರು. ಒಂದು ನಿಶ್ಚಿತಾರ್ಥದ ಊಟದಲ್ಲಿ ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಎದುರಿಗಿದ್ದ ಹಿರಿಯರೊಬ್ಬರು ಸಣ್ಣಾಸಿನ ತುಂಡನ್ನು ಸಾರಿನಲ್ಲಿ ಅದ್ದುತ್ತಾ, ಎಲ್ಲರಿಗೂ ಕೇಳುವ ಹಾಗೆ, "ನೀನೀಗ ಯಾವ ಕಡೆ ಮಾರಾಯ? ಬರುವ ವರ್ಷ ಎಲ್ಲಿರ್ತೀ?" ಎಂದರು. ಟೇಬಲ್ಲಿನ ಸುತ್ತ ಇದ್ದವರೆಲ್ಲ ನಕ್ಕರು. ಮಾವ ನಗಲಿಲ್ಲ. "ಆಗ ಸರಿ ಅಂತ ಕಂಡದ್ದನ್ನು ಆಗ ಮಾಡಿದೆ, ಈಗ ಸರಿ ಅಂತ ಕಂಡದ್ದನ್ನು ಈಗ" ಎಂದಷ್ಟೇ ಹೇಳಿ ನೀರಿನ ಲೋಟ ಎತ್ತಿಕೊಂಡರು.

ಆ ನಗು ನನ್ನನ್ನು ಬಿಟ್ಟಿಲ್ಲ. ಮನಸ್ಸು ಬದಲಿಸಿದವನನ್ನು ಕಂಡರೆ ನಮಗೆ ಯಾಕೆ ಇಷ್ಟು ಅನುಮಾನ? ಒಮ್ಮೆಯೂ ಏನನ್ನೂ ಪ್ರಶ್ನಿಸದೆ ಅಪ್ಪನ ಸಭೆಯಲ್ಲೇ ಕೂತು ಮುದುಕನಾದವನನ್ನು ನಿಷ್ಠಾವಂತ ಎನ್ನುತ್ತೇವೆ. ಹುಡುಕಿಕೊಂಡು ಹೋದವನನ್ನು, ಹೋಗಿ ತಿರುಗಿ ಬಂದವನನ್ನು ಎರಡು ಕಡೆಯವರೂ ಸೇರಿ ಹಗುರ ಮಾಡುತ್ತೇವೆ. ಈ ಪ್ರಶ್ನೆಯನ್ನು ತಲೆಯಲ್ಲಿ ಇಟ್ಟುಕೊಂಡು ಓದುತ್ತಿದ್ದಾಗ ಸಿಕ್ಕವನು ವಿಲಿಯಂ ಚಿಲ್ಲಿಂಗ್‌ವರ್ತ್. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ, ಅಂದರೆ ರೋಮ್‌ನಿಂದ ಬೇರೆಯಾದ ಇಂಗ್ಲೆಂಡಿನ ಸಭೆಯವನು. ಕ್ಯಾಥೊಲಿಕ್ ಬೋಧನೆಯ ವಿರುದ್ಧ ಆ ಕಾಲದಲ್ಲಿ ಬಂದ ಅತ್ಯಂತ ಗಟ್ಟಿ ಪುಸ್ತಕಗಳಲ್ಲಿ ಒಂದನ್ನು ಬರೆದವನು. ಅದಕ್ಕೂ ಮೊದಲು ಸ್ವತಃ ಕ್ಯಾಥೊಲಿಕನಾಗಿ ಹೋಗಿ ಬಂದವನು.

ತೋಪಿನಲ್ಲಿ ವಾದ

ಹುಟ್ಟಿದ್ದು 1602ರಲ್ಲಿ, ಆಕ್ಸ್‌ಫರ್ಡ್ ಊರಿನಲ್ಲೇ. ದೀಕ್ಷಾಸ್ನಾನದಲ್ಲಿ ಅವನಿಗೆ ಜ್ಞಾನಪಿತನಾಗಿ ನಿಂತವನು ವಿಲಿಯಂ ಲಾಡ್. ಆಗ ಲಾಡ್ ಕಾಲೇಜಿನ ಒಬ್ಬ ಫೆಲೋ, ಅಂದರೆ ಅಲ್ಲಿನ ವಿದ್ವಾಂಸ ಸದಸ್ಯ, ಮಾತ್ರ. ಮುಂದೆ ಅವನೇ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆಗುತ್ತಾನೆ, ದೊರೆ ಒಂದನೆಯ ಚಾರ್ಲ್ಸ್‌ನ ಬಲಗೈ ಆಗುತ್ತಾನೆ. ಚಿಲ್ಲಿಂಗ್‌ವರ್ತ್ ಬದುಕಿನ ಪ್ರತಿ ತಿರುವಿನಲ್ಲೂ ಈ ಜ್ಞಾನಪಿತನ ನೆರಳಿದೆ. ಹುಡುಗ ಟ್ರಿನಿಟಿ ಕಾಲೇಜು ಸೇರಿ 1628ರಲ್ಲಿ ಅಲ್ಲೇ ಫೆಲೋ ಆದ. ಗಿಡ್ಡ ಆಳು, ಚುರುಕು ನಾಲಿಗೆ. ಕಾಲೇಜಿನ ತೋಪಿನಲ್ಲಿ ಯೋಚಿಸುತ್ತಾ ಅಡ್ಡಾಡುತ್ತಿದ್ದನಂತೆ. ಎದುರಿಗೆ ಯಾವ ವಿದ್ಯಾರ್ಥಿ ಸಿಕ್ಕರೂ ಅವನನ್ನು ನಿಲ್ಲಿಸಿ ಯಾವುದಾದರೂ ವಿಷಯ ಎತ್ತಿ ವಾದಕ್ಕೆ ಇಳಿಯುತ್ತಿದ್ದ, ವಾದ ಮಾಡುವುದು ನಾಲಿಗೆಗೆ ಪಳಗಲಿ ಎಂದು.

ಇವನ ಬಗ್ಗೆ ಒಂದು ಕೆಟ್ಟ ಮಾತೂ ಇದೆ, ಅದನ್ನು ಮುಚ್ಚಿಡಲು ನನಗೆ ಮನಸ್ಸಿಲ್ಲ. 1628ರಲ್ಲಿ ದೊರೆಯ ಮೆಚ್ಚಿನ ಬಕಿಂಗ್‌ಹ್ಯಾಮ್ ಡ್ಯೂಕ್‌ನನ್ನು ಒಬ್ಬ ಇರಿದು ಕೊಂದ. ಅಲೆಕ್ಸಾಂಡರ್ ಗಿಲ್ ಎಂಬ ಮೇಷ್ಟ್ರು ಆಕ್ಸ್‌ಫರ್ಡ್‌ನಲ್ಲಿ ಗೆಳೆಯರ ನಡುವೆ ಕೊಲೆಗಾರನ ಹೆಸರಿನಲ್ಲಿ ಕುಡಿದು, ದೊರೆಯನ್ನೂ ಹಗುರವಾಗಿ ಆಡಿದ. ಮಾತು ಲಾಡ್‌ನ ಕಿವಿಗೆ ಬಿತ್ತು. ಗಿಲ್‌ಗೆ ಎರಡು ಸಾವಿರ ಪೌಂಡ್ ದಂಡ, ಎರಡೂ ಕಿವಿ ಕತ್ತರಿಸುವ ಶಿಕ್ಷೆ ಆಯಿತು. ಅವನ ತಂದೆ ಬೇಡಿಕೊಂಡ ಮೇಲೆ ಕಿವಿಗಳು ಉಳಿದವು. ಈ ಸುದ್ದಿ ಮುಟ್ಟಿಸಿದವನು ಚಿಲ್ಲಿಂಗ್‌ವರ್ತ್ ಎಂದು ಆ ಶತಮಾನದ ಬದುಕುಗಳನ್ನು ಬರೆದಿಟ್ಟ ಜಾನ್ ಆಬ್ರಿ ಹೇಳುತ್ತಾನೆ. ನಿಜವಿದ್ದರೆ, ಮುಂದೆ ಎಲ್ಲರ ವಿಚಾರ ಸ್ವಾತಂತ್ರ್ಯಕ್ಕಾಗಿ ಬರೆದ ಕೈ ಒಮ್ಮೆ ಗೆಳೆಯನ ಮಾತನ್ನು ಅಧಿಕಾರಕ್ಕೆ ಒಪ್ಪಿಸಿದ ಕೈ. ಅವನು ಬರೆದದ್ದನ್ನು ಓದುವಾಗೆಲ್ಲ ಇದು ನನ್ನ ನೆನಪಿನಲ್ಲಿರುತ್ತದೆ.

ದುವೇಗೆ ಹೋಗಿ ಬಂದದ್ದು

ಆಗ ಇಂಗ್ಲೆಂಡಿನಲ್ಲಿ ಜೆಸ್ವಿಟ್ (ಯೇಸು ಸಭೆ ಎಂಬ ಕ್ಯಾಥೊಲಿಕ್ ಪಂಗಡದ) ಪಾದ್ರಿಯಾಗಿರುವುದೇ ಕಾನೂನಿನ ಕಣ್ಣಿನಲ್ಲಿ ರಾಜದ್ರೋಹ. ಆದರೂ ಅವರು ಹೆಸರು ಬದಲಿಸಿಕೊಂಡು ಓಡಾಡುತ್ತಿದ್ದರು. ಅವರಲ್ಲಿ ಒಬ್ಬ ಜಾನ್ ಪರ್ಸಿ. ಫಿಷರ್ ಎಂದೇ ಎಲ್ಲರೂ ಅವನನ್ನು ಬಲ್ಲರು. ಅವನು ತರುಣ ಚಿಲ್ಲಿಂಗ್‌ವರ್ತ್ ಎದುರು ಇಟ್ಟದ್ದು ಒಂದು ಸರಳ ಪ್ರಶ್ನೆ. ನಂಬಿಕೆಯ ವಿಷಯದಲ್ಲಿ ಜಗಳ ಬಂದಾಗ ತೀರ್ಪು ಕೊಡುವವರು ಯಾರು? ಬೈಬಲ್ಲನ್ನು ಒಬ್ಬೊಬ್ಬರು ಒಂದೊಂದು ರೀತಿ ಓದುತ್ತಾರೆ. ತಪ್ಪದ, ಜೀವಂತವಾದ ನ್ಯಾಯಾಧಿಪತಿಯೊಬ್ಬ ಬೇಡವೇ? ಬೇಕೆಂದರೆ ಅಂಥ ಅಧಿಕಾರ ತನಗಿದೆ ಎಂದು ಹೇಳಿಕೊಳ್ಳುವುದು ರೋಮ್‌ನ ಸಭೆ ಒಂದೇ. (ಪೋಪರ ಮಾತೇ ತಪ್ಪದ್ದು ಎಂದು ಅಧಿಕೃತವಾಗಿ ಸಾರಿದ್ದು 1870ರಲ್ಲಿ. ಇಲ್ಲಿನ ವಾದ ಸಭೆಯ ಬಗ್ಗೆ.) ವಾದದಲ್ಲೇ ಬೆಳೆದ ಹುಡುಗ ವಾದಕ್ಕೇ ಸೋತ. ಕ್ಯಾಥೊಲಿಕನಾದ, 1630ರಲ್ಲಿ ಕಡಲು ದಾಟಿ, ಈಗ ಫ್ರಾನ್ಸಿಗೆ ಸೇರಿದ ದುವೇಯಲ್ಲಿದ್ದ ಇಂಗ್ಲಿಷ್ ಕ್ಯಾಥೊಲಿಕರ ಕಾಲೇಜಿಗೆ ಹೋದ.

ಅಲ್ಲಿ ಅವನಿಗೆ ಹೇಳಿದ ಕೆಲಸ, ನೀನು ಯಾಕೆ ಬಂದೆ ಎಂಬುದನ್ನು ಬರೆ ಎಂದು. ನನಗೆ ಇಡೀ ಕಥೆಯಲ್ಲಿ ತುಂಬ ಹಿಡಿಸಿದ ಜಾಗ ಇದು. ಬಾಯಲ್ಲಿ ವಾದ ಮಾಡುವಾಗ ಎದುರಿಗಿರುವವನನ್ನು ಗೆದ್ದರೆ ಸಾಕು. ಬರೆಯಲು ಕೂತರೆ ಒಂದೊಂದು ಮಾತೂ ತನಗೇ ಒಪ್ಪಿಗೆಯಾಗಬೇಕು. ಅದೇ ಹೊತ್ತಿಗೆ ಲಾಡ್‌ನ ಪತ್ರಗಳೂ ಬರುತ್ತಿದ್ದವು. ಲಾಡ್ ಬೆದರಿಸಲಿಲ್ಲ, ಎರಡೂ ಕಡೆಯನ್ನು ಇನ್ನೊಮ್ಮೆ ನೋಡು ಎಂದ. ಕಾರಣಗಳನ್ನು ಬರೆಯಲು ಹೋದವನಿಗೆ ಕಾರಣಗಳು ಸಾಲಲಿಲ್ಲ. 1631ರಲ್ಲಿ ಇಂಗ್ಲೆಂಡಿಗೆ ಮರಳಿದ. ಆದರೆ ಬಂದ ಕೂಡಲೇ ಪ್ರೊಟೆಸ್ಟಂಟ್ ಎಂದು ಸಾರಿಕೊಳ್ಳಲಿಲ್ಲ, ಕೆಲವು ವರ್ಷ ನಡುವೆಯೇ ಇದ್ದ. ಓದಿದ, ಸಭಾಪಿತೃಗಳೆಂಬ ಮೊದಲ ಶತಮಾನಗಳ ಕ್ರೈಸ್ತ ಗುರುಗಳ ಬರಹಗಳನ್ನು ಮಗುಚಿ ಹಾಕಿದ. ಆ ನಡುವಿನ ಕಾಲದಲ್ಲಿ ಅವನನ್ನು ಕಂಡ ಜನ ಏನು ಕೇಳಿರಬಹುದು ಎಂದು ಊಹಿಸಲು ನನಗೆ ಕಷ್ಟವಿಲ್ಲ, ಆ ಊಟದ ಟೇಬಲ್ಲಿನಲ್ಲಿ ನಾನು ಕೂತಿದ್ದೆನಲ್ಲ.

ಮುಂದೆ ತನ್ನ ಪುಸ್ತಕದಲ್ಲಿ ಅವನು ಈ ಬಗ್ಗೆ ಬರೆದ. ಹೆಸರು ಹೇಳದೆ, ನನಗೆ ಗೊತ್ತಿರುವ ಒಬ್ಬ ಮನುಷ್ಯ ಎಂದು ಶುರು ಮಾಡುತ್ತಾನೆ. ಆ ಮನುಷ್ಯ ಸೌಮ್ಯ ಪ್ರೊಟೆಸ್ಟಂಟನಾಗಿದ್ದವನು ಕ್ಯಾಥೊಲಿಕನಾದ, ಆಮೇಲೆ ಸಂಶಯಪಡುವ ಕ್ಯಾಥೊಲಿಕನಾದ, ಕೊನೆಗೆ ದೃಢವಾದ ಪ್ರೊಟೆಸ್ಟಂಟನಾದ. ಕಂಡರಿಯದ ದೂರದ ಊರಿಗೆ ಹೊರಟ ದಾರಿಹೋಕ ಎಷ್ಟು ಜಾಗ್ರತೆ ಮಾಡಿಯೂ ದಾರಿ ತಪ್ಪಿ, ತಪ್ಪಿದ್ದು ತಿಳಿದ ಮೇಲೆ ತಿರುಗಿ ಸರಿದಾರಿ ಹಿಡಿದರೆ ಅವನ ಮೇಲೆ ಎಷ್ಟು ತಪ್ಪು ಹೊರಿಸಬಹುದೋ, ಈ ಬದಲಾವಣೆಗಳಿಗೆ ತನ್ನ ಮೇಲೂ ಅಷ್ಟೇ ಎಂದು ಆ ಮನುಷ್ಯ ತಿಳಿದಿದ್ದಾನೆ. ಇಷ್ಟು ಹೇಳಿ ಮುಂದಿನ ವಾದಕ್ಕೆ ಹೋಗುತ್ತಾನೆ. ಕ್ಷಮೆ ಕೇಳುವುದಿಲ್ಲ, ಹೋಗಿದ್ದಕ್ಕೆ ಇನ್ನೊಬ್ಬರನ್ನು ದೂರುವುದೂ ಇಲ್ಲ.

ಎದುರಾಳಿಯ ಮಾತನ್ನೂ ಅಚ್ಚು ಹಾಕಿದ ಪುಸ್ತಕ

ಪುಸ್ತಕ ಹುಟ್ಟಿದ್ದು ಬೇರೆಯವರ ಜಗಳದಲ್ಲಿ. ಎಡ್ವರ್ಡ್ ನಾಟ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜೆಸ್ವಿಟ್ ವಿಲ್ಸನ್, ಪಶ್ಚಾತ್ತಾಪಪಡದೆ ಪ್ರೊಟೆಸ್ಟಂಟನಾಗಿಯೇ ಸತ್ತವನಿಗೆ ರಕ್ಷಣೆಯಿಲ್ಲ, ಹೀಗೆ ಹೇಳುವುದು ಪ್ರೀತಿ ಇಲ್ಲದ ಮಾತಲ್ಲ ಎಂದು 1630ರಲ್ಲಿ ವಾದಿಸಿದ್ದ. ಆಕ್ಸ್‌ಫರ್ಡ್‌ನ ಕ್ವೀನ್ಸ್ ಕಾಲೇಜಿನ ಮುಖ್ಯಸ್ಥ ಕ್ರಿಸ್ಟೋಫರ್ ಪಾಟರ್ 1633ರಲ್ಲಿ ಉತ್ತರ ಕೊಟ್ಟ. ಮರುವರ್ಷವೇ ನಾಟ್ ಅದಕ್ಕೆ ಮರುತ್ತರ ಕೊಟ್ಟ. ಆ ಮರುತ್ತರಕ್ಕೆ ಉತ್ತರ ಬರೆಯಲು ಚಿಲ್ಲಿಂಗ್‌ವರ್ತ್ ಕೂತ.

ಕೂತದ್ದು ಗ್ರೇಟ್ ಟ್ಯೂ ಎಂಬ ಹಳ್ಳಿಯಲ್ಲಿ, ಲೂಸಿಯಸ್ ಕ್ಯಾರಿ ಎಂಬ ಫಾಕ್‌ಲಂಡ್ ಪ್ರಭುವಿನ ಮನೆಯಲ್ಲಿ. ಆಕ್ಸ್‌ಫರ್ಡ್‌ನಿಂದ ದೂರವಿಲ್ಲದ ಆ ಮನೆಗೆ ವಿದ್ವಾಂಸರು ಬಂದು, ಬೇಕಾದಷ್ಟು ದಿನ ಉಳಿದು, ಓದಿ, ವಾದ ಮಾಡಿ ಹೋಗುತ್ತಿದ್ದರು. ಶುದ್ಧ ಗಾಳಿಯಲ್ಲಿ ಕಟ್ಟಿದ ಕಾಲೇಜು ಎಂದು ಅದನ್ನು ನೆನೆಸಿಕೊಳ್ಳುವವನು ಎಡ್ವರ್ಡ್ ಹೈಡ್, ಮುಂದೆ ಕ್ಲಾರೆಂಡನ್ ಪ್ರಭುವಾದವನು. ಚಿಲ್ಲಿಂಗ್‌ವರ್ತ್ ಬಗ್ಗೆಯೂ ಅವನು ಬರೆದಿದ್ದಾನೆ. ಎಂಥ ವಾದಕ್ಕೂ ಸಿಟ್ಟಾಗದ ಮನುಷ್ಯ, ಆದರೆ ಸಂಶಯಪಡುವ ಅಭ್ಯಾಸ ಬೆಳೆದು ಬೆಳೆದು ಕೊನೆಗೆ ಯಾವುದರಲ್ಲೂ ಭರವಸೆ ಇಲ್ಲದ ಹಾಗಾಯಿತು ಎಂದು. ಮೊದಲ ಮಾತನ್ನು ನಾನು ಒಪ್ಪುತ್ತೇನೆ. ಎರಡನೆಯದನ್ನು ಅರ್ಧ ಮಾತ್ರ. ಯಾವುದರಲ್ಲೂ ಭರವಸೆ ಇಲ್ಲದವನು ಅಷ್ಟು ದೊಡ್ಡ ಪುಸ್ತಕವನ್ನು ಅಷ್ಟು ಕಾವಿನಿಂದ ಬರೆಯಲಾರ.

ಪುಸ್ತಕ ಆಕ್ಸ್‌ಫರ್ಡ್‌ನಲ್ಲಿ 1638ರಲ್ಲಿ ಹೊರಬಂತು. ಪ್ರೊಟೆಸ್ಟಂಟರ ಧರ್ಮ ರಕ್ಷಣೆಗೆ ಸುರಕ್ಷಿತ ದಾರಿ ಎಂಬುದು ಶೀರ್ಷಿಕೆಯ ತಾತ್ಪರ್ಯ. ತೆರೆದರೆ ಮೊದಲು ಕಾಣುವುದು ನಾಟ್‌ನ ಮಾತು. ಅವನ ಒಂದು ಅಧ್ಯಾಯವನ್ನು ಪೂರ್ತಿ ಅಚ್ಚು ಹಾಕಿ, ಅದರ ಕೆಳಗೆ ಉತ್ತರ. ಮತ್ತೆ ಅವನ ಮುಂದಿನ ಅಧ್ಯಾಯ, ಮತ್ತೆ ಉತ್ತರ. ವಿರೋಧಿಯ ಬರಹದಿಂದ ಬೇಕಾದ ಎರಡು ಸಾಲು ಕಿತ್ತು ತಂದು ಬಡಿಯುವುದು ಆಗಲೂ ಸುಲಭವಿತ್ತು, ಈಗಲೂ ಸುಲಭ. ಇವನು ಹಾಗೆ ಮಾಡಲಿಲ್ಲ. ಕ್ಯಾಥೊಲಿಕ್ ಪುಸ್ತಕ ಕದ್ದುಮುಚ್ಚಿ ಕೈಯಿಂದ ಕೈಗೆ ಹೋಗುತ್ತಿದ್ದ ದೇಶದಲ್ಲಿ, ಆಕ್ಸ್‌ಫರ್ಡ್‌ನ ಅಚ್ಚುಕೂಟದಲ್ಲಿ ಒಬ್ಬ ಜೆಸ್ವಿಟ್‌ನ ವಾದ ಅಕ್ಷರಕ್ಕೆ ಅಕ್ಷರ ಅಚ್ಚಾಯಿತು.

ಅವನ ವಾದದ ತಿರುಳನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಿನ್ನ ಬುದ್ಧಿ ತಪ್ಪುತ್ತದೆ, ಆದ್ದರಿಂದ ತಪ್ಪದ ಸಭೆಯನ್ನು ಹಿಡಿದುಕೋ ಎನ್ನುತ್ತೀರಿ. ಆ ತಪ್ಪದ ಸಭೆ ಯಾವುದು ಎಂದು ನಾನು ಹುಡುಕಬೇಕಾದದ್ದು ಯಾವ ಬುದ್ಧಿಯಿಂದ? ಇದೇ ತಪ್ಪುವ ಬುದ್ಧಿಯಿಂದ. ಹಾಗಾದರೆ ಕೊನೆಗೆ ನನಗೆ ಸಿಗುವ ಭರವಸೆ ನನ್ನ ಬುದ್ಧಿ ಕೊಟ್ಟಷ್ಟೇ, ಒಂದು ಗುಲಗಂಜಿ ಹೆಚ್ಚಿಲ್ಲ. ಚರಿತ್ರೆ ನೋಡಿದರೆ ಪೋಪರಿಗೆ ಎದುರಾಗಿ ಪೋಪರು, ಮಹಾಸಭೆಗಳಿಗೆ ಎದುರಾಗಿ ಮಹಾಸಭೆಗಳು, ಒಂದು ಕಾಲದ ಪಿತೃಗಳ ಒಮ್ಮತಕ್ಕೆ ಎದುರಾಗಿ ಇನ್ನೊಂದು ಕಾಲದ ಒಮ್ಮತ. ಅದಕ್ಕೇ ಪ್ರೊಟೆಸ್ಟಂಟರ ಧರ್ಮವೆಂದರೆ ಬೈಬಲ್, ಬೈಬಲ್ ಒಂದೇ, ಎಂದ. ಲೂಥರ್ ಅಲ್ಲ, ಕ್ಯಾಲ್ವಿನ್ ಅಲ್ಲ, ಇಂಗ್ಲೆಂಡಿನ ಸಭೆಯ ವಿಧಿಗಳೂ ಅಲ್ಲ.

ಈ ಮಾತನ್ನು ಆಮೇಲೆ ಎಷ್ಟೋ ಜನ ಕ್ಯಾಥೊಲಿಕರ ಮೇಲೆ ಎಸೆಯುವ ಕಲ್ಲಾಗಿ ಮಾಡಿಕೊಂಡರು. ಅವನು ಅದೇ ಜಾಗದಲ್ಲಿ ಮುಂದೆ ಹೇಳಿದ್ದನ್ನು ಓದುವವರು ಕಡಿಮೆ. ಯಾರ ವಿಚಾರ ಸ್ವಾತಂತ್ರ್ಯವನ್ನೂ ನಾನು ಕಿತ್ತುಕೊಳ್ಳುವುದಿಲ್ಲ, ನನ್ನದನ್ನು ಯಾರೂ ಕಿತ್ತುಕೊಳ್ಳಬಾರದು. ಅಭಿಪ್ರಾಯ ಬೇರೆ ಎಂಬ ಕಾರಣಕ್ಕೆ ಯಾರನ್ನೂ ಕೀಳು ಮನುಷ್ಯ ಎಂದಾಗಲಿ ಕೀಳು ಕ್ರೈಸ್ತ ಎಂದಾಗಲಿ ನಾನು ಎಣಿಸುವುದಿಲ್ಲ, ಅವನ ಮೇಲಿನ ಪ್ರೀತಿಯನ್ನೂ ಕಡಿಮೆ ಮಾಡುವುದಿಲ್ಲ. ಅವನ ಲೆಕ್ಕದಲ್ಲಿ ದೇವರು ಕೇಳುವುದು ಪ್ರಾಮಾಣಿಕ ಹುಡುಕಾಟವನ್ನು. ಮನಸಾರೆ ಹುಡುಕಿಯೂ ತಪ್ಪು ಮಾಡಿದವನನ್ನು, ಅವನು ಕ್ಯಾಥೊಲಿಕನೇ ಆಗಿರಲಿ, ದೇವರು ತಳ್ಳಿಹಾಕುವುದಿಲ್ಲ. ಕ್ಯಾಥೊಲಿಕ್ ಬೋಧನೆಯ ವಿರುದ್ಧ ಇಡೀ ಪುಸ್ತಕ ಬರೆದವನು ಕ್ಯಾಥೊಲಿಕನ ರಕ್ಷಣೆಯ ಬಾಗಿಲನ್ನು ತೆರೆದೇ ಇಟ್ಟ. ನಾಟ್ ಅದನ್ನು ಪ್ರೊಟೆಸ್ಟಂಟರಿಗೆ ಮುಚ್ಚಿದ್ದ, ಪ್ಯೂರಿಟನ್ನರು, ಇಂಗ್ಲೆಂಡಿನ ಸಭೆಯಲ್ಲಿ ಇನ್ನೂ ಕಟ್ಟುನಿಟ್ಟಿನ ಸುಧಾರಣೆ ಬೇಕೆಂದವರು, ಕ್ಯಾಥೊಲಿಕರಿಗೆ ಮುಚ್ಚಿದ್ದರು.

ಸಹಿ

ಪಾದ್ರಿಯಾಗಿ ಹುದ್ದೆ ಬೇಕೆಂದರೆ ಇಂಗ್ಲೆಂಡಿನ ಸಭೆಯ ಮೂವತ್ತೊಂಬತ್ತು ವಿಧಿಗಳಿಗೆ ಸಹಿ ಹಾಕಬೇಕು. 1635ರಲ್ಲಿ ಅವಕಾಶ ಬಂದಾಗ ಅವನು ಹಾಕಲಿಲ್ಲ. ಗಿಲ್ಬರ್ಟ್ ಶೆಲ್ಡನ್‌ಗೆ (ಇವನೂ ಮುಂದೆ ಕ್ಯಾಂಟರ್‌ಬರಿಗೆ ಆರ್ಚ್‌ಬಿಷಪ್ ಆದವನು) ಪತ್ರ ಬರೆದು ಕಾರಣ ಹೇಳಿದ. ಆ ವಿಧಿಗಳು ಒಪ್ಪಬೇಕೆನ್ನುವ ಅಥನಾಸಿಯಸನ ವಿಶ್ವಾಸಪ್ರಮಾಣದಲ್ಲಿ ಇದನ್ನು ನಂಬದವನು ನಿತ್ಯನಾಶಕ್ಕೆ ಹೋಗುತ್ತಾನೆ ಎಂಬ ಮಾತುಗಳಿವೆ. ಅವು ಸುಳ್ಳು, ಮನುಷ್ಯ ಹೇಳಲು ಅಧಿಕಾರವಿಲ್ಲದ ಮಾತು, ಸಹಿ ಹಾಕಿದರೆ ನನ್ನ ನಾಶಕ್ಕೇ ಸಹಿ ಹಾಕಿದಂತೆ ಎಂದ. ಕೈಯಲ್ಲಿ ಕಾಸಿಲ್ಲದವನು ಬರೆದ ಪತ್ರ ಅದು.

ಮೂರು ವರ್ಷದ ನಂತರ, 1638ರ ಜುಲೈಯಲ್ಲಿ, ಸಹಿ ಹಾಕಿದ. ಸಾಲ್ಸ್‌ಬರಿ ಕಥೀಡ್ರಲಿನ ಚಾನ್ಸೆಲರ್ ಆದ. ಪುಸ್ತಕದ ಮುನ್ನುಡಿಯಲ್ಲೇ ಅದಕ್ಕೆ ದಾರಿ ಮಾಡಿಕೊಂಡಿದ್ದ. ಇಂಗ್ಲೆಂಡಿನ ಸಭೆಯ ಬೋಧನೆ ನಂಬಿ ನಡೆದವನಿಗೆ ರಕ್ಷಣೆಯಿದೆ, ಶಾಂತಿ ಕೆಡಿಸಿ ಹೊರಹೋಗಬೇಕಾದಂಥ ತಪ್ಪು ಅದರಲ್ಲಿಲ್ಲ, ಸಹಿ ಎಂದರೆ ನನ್ನ ಮಟ್ಟಿಗೆ ಇಷ್ಟೇ ಎಂದು. ಇದನ್ನು ಹೊಟ್ಟೆಪಾಡಿನ ರಾಜಿ ಎನ್ನಬೇಕೇ? ನನಗೆ ಸಮಾಧಾನವಿಲ್ಲ. ದುವೇಗೆ ಹೋದದ್ದು, ಬಂದದ್ದು, ಎರಡನ್ನೂ ನಾನು ಪೂರ್ತಿಯಾಗಿ ಒಪ್ಪಿಕೊಳ್ಳಬಲ್ಲೆ. ಅವೆರಡರಲ್ಲಿ ಅವನಿಗೆ ಲಾಭವಿರಲಿಲ್ಲ, ಸಹಿಯಲ್ಲಿತ್ತು. ಆದರೂ ಸಹಿಯ ಅರ್ಥವನ್ನು ಗುಟ್ಟಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳದೆ, ನಾಲ್ಕು ಜನ ಓದುವ ಪುಸ್ತಕದಲ್ಲಿ ಮೊದಲೇ ಬರೆದಿಟ್ಟು ಹಾಕಿದ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಹಿ ಹಾಕಿದ ಎಷ್ಟೋ ಜನ ಅಷ್ಟೂ ಮಾಡಲಿಲ್ಲ.

ಚಿಚೆಸ್ಟರ್

1642ರಲ್ಲಿ ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾಯಿತು. ಚಿಲ್ಲಿಂಗ್‌ವರ್ತ್ ದೊರೆಯ ಕಡೆ. 1643ರಲ್ಲಿ ಗ್ಲಾಸ್ಟರ್ ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ, ಪುಸ್ತಕದಲ್ಲಿ ಓದಿದ ರೋಮನ್ನರ ಮುತ್ತಿಗೆ ಯಂತ್ರಗಳ ಮಾದರಿಯಲ್ಲಿ ಗಾಲಿಯ ಮೇಲೆ ಹಲಗೆಯ ಮರೆ ಕಟ್ಟಿಸಿದ. ಅವು ಬಳಕೆಗೆ ಬರುವ ಮೊದಲೇ ಶತ್ರುಸೇನೆ ಬಂತು, ಮುತ್ತಿಗೆ ಎದ್ದಿತು. ಅದೇ ಸೆಪ್ಟೆಂಬರಿನಲ್ಲಿ ಫಾಕ್‌ಲಂಡ್ ನ್ಯೂಬರಿಯ ಕಾಳಗದಲ್ಲಿ ಸತ್ತ. ಚಳಿಗಾಲದಲ್ಲಿ ಚಿಲ್ಲಿಂಗ್‌ವರ್ತ್ ಅರಂಡೆಲ್ ಕೋಟೆಯಲ್ಲಿದ್ದ, ಜ್ವರದಲ್ಲಿ. 1644ರ ಜನವರಿಯಲ್ಲಿ ಕೋಟೆ ಪಾರ್ಲಿಮೆಂಟಿನ ಪಾಲಾಯಿತು. ಕೋಟೆಯೊಳಗಿದ್ದ ದೊರೆಯ ಅಧಿಕಾರಿಗಳೂ ಸೋಲಿನ ಸಿಟ್ಟನ್ನು ಈ ಗಿಡ್ಡ ಪಾದ್ರಿಯ ಮೇಲೆ ತೀರಿಸಿಕೊಂಡರು.

ಲಂಡನ್ನಿಗೆ ಸಾಗಿಸುವಷ್ಟು ಶಕ್ತಿ ಕೈದಿಯಲ್ಲಿ ಇರಲಿಲ್ಲ. ಫ್ರಾನ್ಸಿಸ್ ಚೆನೆಲ್ ಎಂಬ ಪ್ಯೂರಿಟನ್ ಬೋಧಕ ಬೇಡಿಕೊಂಡು ಅವನನ್ನು ಚಿಚೆಸ್ಟರಿನ ಬಿಷಪ್ಪರ ಅರಮನೆಗೆ ತಂದಿಟ್ಟ, ವೈದ್ಯರನ್ನು ಕರೆಸಿದ. ಹಾಸಿಗೆಯ ಪಕ್ಕ ಕೂತು ಪ್ರಶ್ನೆ ಹಾಕಿದ್ದೂ ಅವನೇ. ನಡೆದದ್ದನ್ನೆಲ್ಲ ಚೆನೆಲ್ ಅದೇ ವರ್ಷ ತಾನೇ ಹೆಮ್ಮೆಯಿಂದ ಅಚ್ಚು ಹಾಕಿಸಿದ್ದರಿಂದ ನಮಗೆ ತಿಳಿದಿದೆ. ತುರ್ಕನಾಗಿ (ಅಂದರೆ ಮುಸ್ಲಿಮನಾಗಿ), ಕ್ಯಾಥೊಲಿಕನಾಗಿ, ಇಲ್ಲವೇ ತ್ರಿತ್ವ ಒಪ್ಪದ ಸೊಸೀನಿಯನ್ ಆಗಿ ಬದುಕಿ ಸತ್ತವನಿಗೆ ರಕ್ಷಣೆಯಿದೆಯೇ ಎಂದು ಕೇಳಿದ. ಸಾಯುತ್ತಿದ್ದವನು ಕೊಟ್ಟ ಉತ್ತರ, ಅವರನ್ನು ನಾನು ನಿರ್ದೋಷಿಗಳೆನ್ನುವುದೂ ಇಲ್ಲ, ಖಂಡಿಸುವುದೂ ಇಲ್ಲ. ಚೆನೆಲ್‌ಗೆ ತೃಪ್ತಿಯಾಗಲಿಲ್ಲ, ಮತ್ತೆ ಮತ್ತೆ ಕೇಳಿದ. ನನ್ನೊಂದಿಗೆ ಪ್ರೀತಿಯಿಂದ ನಡೆದುಕೊಳ್ಳಿ, ನಾನು ಯಾವಾಗಲೂ ಹಾಗೆಯೇ ನಡೆದವನು ಎಂದು ಚಿಲ್ಲಿಂಗ್‌ವರ್ತ್ ಬೇಡಿಕೊಂಡ. ಜನವರಿಯ ಕೊನೆಗೆ ತೀರಿಕೊಂಡ, ವಯಸ್ಸು ನಲವತ್ತೊಂದು. ಚೆನೆಲ್ ಅಂತ್ಯವಿಧಿ ನಡೆಸಲು ಒಪ್ಪಲಿಲ್ಲ. ಕಥೀಡ್ರಲಿನ ಪಡಸಾಲೆಯಲ್ಲಿ ತೋಡಿದ ಗುಂಡಿಯ ಹತ್ತಿರ ಆ ಪುಸ್ತಕವನ್ನು ಹಿಡಿದು ಬಂದ. ಹೋಗು ಕೊಳೆತ ಪುಸ್ತಕವೇ, ಮಣ್ಣಿಗೆ ಮಣ್ಣು, ಧೂಳಿಗೆ ಧೂಳು, ನಿನ್ನನ್ನು ಬರೆದವನ ಜೊತೆಗೇ ಕೊಳೆ, ಎಂದು ಶಪಿಸಿ ಒಳಗೆ ಎಸೆದ.

ಚೆನೆಲ್ ಕ್ರೂರಿಯಾಗಿರಲಿಲ್ಲ. ಕೈದಿಗೆ ಹಾಸಿಗೆ ಕೊಡಿಸಿದವನು, ಅವನ ಆತ್ಮ ನಿಜಕ್ಕೂ ಅಪಾಯದಲ್ಲಿದೆ ಎಂದು ನಂಬಿದವನು. ಅದೇ ನನಗೆ ಹೆದರಿಕೆ ಹುಟ್ಟಿಸುವುದು. ಇಂಥವರನ್ನು ನಾನು ಕಂಡಿದ್ದೇನೆ. ಆಸ್ಪತ್ರೆಯ ವಾರ್ಡಿಗೆ ಗಂಜಿ ತರುತ್ತಾರೆ, ರಾತ್ರಿಯಿಡೀ ಕೂತಿರುತ್ತಾರೆ, ಬೆಳಗಿನ ಜಾವ ರೋಗಿಯ ಕೈ ಹಿಡಿದು ನೀನು ಇದ್ದ ಸಭೆ ತಪ್ಪು ಎಂದು ಈಗಲಾದರೂ ಒಪ್ಪಿಕೋ ಎನ್ನುತ್ತಾರೆ.

ಚಿಲ್ಲಿಂಗ್‌ವರ್ತ್ ಪರವಾಗಿ ಇಷ್ಟು ಬರೆದ ಮೇಲೆ ಒಂದು ಮಾತು ಹೇಳದಿದ್ದರೆ ನಾಟ್‌ಗೆ ಅನ್ಯಾಯವಾಗುತ್ತದೆ. ಈ ವಾದ ಸಮಾನರ ನಡುವಿನದಲ್ಲ. ಒಬ್ಬನ ಬೆನ್ನಿಗೆ ಆರ್ಚ್‌ಬಿಷಪ್ ಇದ್ದ, ವಿಶ್ವವಿದ್ಯಾಲಯ ಇತ್ತು. ಇನ್ನೊಬ್ಬ ಸ್ವಂತ ಹೆಸರಿನಲ್ಲಿ ಬರೆಯಲಾರದವನು. 1628ರಲ್ಲಿ ಎಡ್ಮಂಡ್ ಆರೋಸ್ಮಿತ್ ಎಂಬ ಜೆಸ್ವಿಟ್‌ನನ್ನು ಲ್ಯಾಂಕಾಸ್ಟರಿನಲ್ಲಿ ಮರಣದಂಡನೆಗೆ ಗುರಿಮಾಡಿದ್ದರು. ಮನುಷ್ಯರ ಮಾತಿಗೆ ತಲೆಬಾಗಲಿಲ್ಲವೆಂದು ಸುಡುವುದನ್ನು, ಶಪಿಸುವುದನ್ನು ನಿಲ್ಲಿಸಿ ಎಂದು ಚಿಲ್ಲಿಂಗ್‌ವರ್ತ್ ಪುಸ್ತಕದಲ್ಲಿ ಕೂಗಿ ಹೇಳುತ್ತಾನೆ, ಆ ಕೂಗು ನಾಟ್‌ಗೂ ಅನ್ವಯಿಸಬೇಕಿತ್ತು.

ಪುಸ್ತಕ ಗುಂಡಿಯಲ್ಲಿ ಕೊಳೆಯಲಿಲ್ಲ. ಸರಿಯಾಗಿ ತರ್ಕಿಸುವುದನ್ನು ಕಲಿಯಬೇಕೆಂದರೆ ಚಿಲ್ಲಿಂಗ್‌ವರ್ತ್‌ನನ್ನು ಓದಿ ಎಂದು ತತ್ವಜ್ಞಾನಿ ಜಾನ್ ಲಾಕ್ ಹೇಳಿದ. ಹದಿನಾರನೆಯ ವಯಸ್ಸಿನಲ್ಲಿ ಆಕ್ಸ್‌ಫರ್ಡ್‌ನಿಂದಲೇ ಕ್ಯಾಥೊಲಿಕನಾಗಿ ಹೋಗಿ, 1754ರಲ್ಲಿ ಮರಳಿದ ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ ತನ್ನ ನೆನಪುಗಳಲ್ಲಿ ಇವನನ್ನು ಜೊತೆಗಾರನೆಂಬಂತೆ ನೆನೆದ. ಆದರೆ ಪುಸ್ತಕಕ್ಕೆ ಆದ ಇನ್ನೊಂದು ಗತಿ ನನಗೆ ಚೆನೆಲ್‌ನ ಶಾಪಕ್ಕಿಂತ ಹೆಚ್ಚು ನೋವು ಕೊಡುತ್ತದೆ. 1687ರಲ್ಲಿ ಇಂಗ್ಲೆಂಡಿನ ಸಿಂಹಾಸನದ ಮೇಲೆ ಕ್ಯಾಥೊಲಿಕ್ ದೊರೆ ಎರಡನೆಯ ಜೇಮ್ಸ್ ಕೂತಿದ್ದಾಗ, ಪ್ರೊಟೆಸ್ಟಂಟರಿಗೆ ಕೈಗೆ ಸಿಗುವ ಆಯುಧ ಬೇಕಿತ್ತು. ಜಾನ್ ಪ್ಯಾಟ್ರಿಕ್ ಎಂಬವನು ಈ ಪುಸ್ತಕವನ್ನು ಸಂಕ್ಷೇಪಿಸಿದ. ವೈಯಕ್ತಿಕ ಜಗಳಗಳನ್ನು ಬಿಟ್ಟು, ಪ್ರೊಟೆಸ್ಟಂಟರ ಸಮಾನ ಪಕ್ಷಕ್ಕೆ ಬೇಕಾದದ್ದನ್ನು ಉಳಿಸಿಕೊಂಡಿದ್ದೇವೆ ಎಂದು ಮುಖಪುಟದಲ್ಲೇ ಇದೆ. ಅದರಿಂದ ಅನುಕೂಲವಾಗಿರಬಹುದು. ಆದರೆ ಓದುವ ಮನಸ್ಸಿರುವವರು ಹಳೆಯ ದಪ್ಪ ಪುಸ್ತಕವನ್ನೇ ಹುಡುಕಿ ಓದಿ ಎಂದು ನಾನು ಹೇಳುತ್ತೇನೆ. ವಾಕ್ಯಗಳು ಉದ್ದ, ಲ್ಯಾಟಿನ್ ಹೇರಳ, ಬಿಟ್ಟು ಮುಂದೆ ಹೋಗಬಹುದಾದ ಪುಟಗಳೂ ಬೇಕಾದಷ್ಟಿವೆ. ನಾಟ್‌ನ ಅಧ್ಯಾಯಗಳನ್ನು ಮಾತ್ರ ಬಿಡಬೇಡಿ. ಅವನ್ನು ಮೊದಲು ಓದಿ, ಅವನ ಮಾತಿಗೆ ನಿಮ್ಮ ಉತ್ತರವೇನು ಎಂದು ಯೋಚಿಸಿ, ಆಮೇಲೆ ಕೆಳಗಿನ ಉತ್ತರಕ್ಕೆ ಹೋಗಿ.